ಬರ್ಲಿ ಅನ್ನುವ ತನಕ

ದೇವರಿಗೆ ಕೈ ಮುಗಿಯುವುದಕ್ಕೂ ಮೊದಲು ನಾನು ಕಲಿತದ್ದು ಫ್ರಿಜ್ಜನ್ನು ಬೆರಳ ಬೆನ್ನಿಂದ ಮುಟ್ಟುವುದನ್ನು. ಅಂಗೈಯಿಂದ ಹಿಡಿಯಬಾರದು. ಕರೆಂಟು ಹೊಡೆದರೆ ಕೈ ತಾನಾಗಿ ಮುಷ್ಟಿ ಕಟ್ಟುತ್ತದೆ, ಹಿಡಿದದ್ದನ್ನು ಬಿಡುವುದಿಲ್ಲ. ಬೆರಳ ಬೆನ್ನು ತಾಗಿದ್ದರೆ ಅದೇ ಮುಷ್ಟಿ ಕೈಯನ್ನು ಈಚೆಗೆ ಎಳೆದುಕೊಳ್ಳುತ್ತದೆ. ಅಪ್ಪ ಇದನ್ನು ಹೇಳಿಕೊಟ್ಟಾಗ ನನಗಿನ್ನೂ ಕಾಗುಣಿತ ಬರುತ್ತಿರಲಿಲ್ಲ. ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಟೇಬಲ್ ಫ್ಯಾನಿನ ಜಾಲರಿ, ನೀರು ಕಾಯಿಸುವ ರಾಡು ಇಟ್ಟ ಬಕೆಟ್ಟು, ಎಲ್ಲಕ್ಕೂ ಮೊದಲು ಬೆರಳ ಬೆನ್ನು, ಆಮೇಲೆ ಅಂಗೈ. ಈಗಲೂ ಹೊಸಪೇಟೆಯ ಅಂಗಡಿಯಲ್ಲಿ ಹೊಸ ವಾಷಿಂಗ್ ಮಿಷನ್ ನೋಡಲು ಹೋದರೆ ನನ್ನ ಕೈ ಮಗುಚಿಕೊಂಡೇ ಮುಂದೆ ಹೋಗುತ್ತದೆ. ಮಾರುವ ಹುಡುಗಿ ನಗುತ್ತಾಳೆ. ನಗಲಿ ಬಿಡಿ, ಅವಳ ಮನೆಯಲ್ಲಿ ನಮ್ಮಪ್ಪ ಇರಲಿಲ್ಲ.

ನಮ್ಮ ಮನೆ ಇದ್ದದ್ದು ಗಾದಿಗನೂರಿನಲ್ಲಿ. ಊರೊಳಗಲ್ಲ, ಊರು ದಾಟಿ, ಅದಿರಿನ ಲಾರಿಗಳು ಓಡಾಡುವ ರಸ್ತೆಯ ಬದಿಗೆ. ಪಡಸಾಲೆ, ಒಳಕೋಣೆ, ಅಡುಗೆಮನೆ, ಹಿಂದೆ ಬಚ್ಚಲು, ನೆಲಕ್ಕೆಲ್ಲ ಕಡಪಾ ಕಲ್ಲು. ಒಂದು ಪಕ್ಕಕ್ಕೆ ಖಾಜಾ ಮಾಮನ ಪಂಕ್ಚರ್ ಅಂಗಡಿ, ಇನ್ನೊಂದು ಪಕ್ಕಕ್ಕೆ ಬಯಲು. ಬೆಳಗ್ಗೆ ಒರೆಸಿದ ಟಿವಿಯ ಮೇಲೆ ಮಧ್ಯಾಹ್ನ ಬೆರಳಲ್ಲಿ ಹೆಸರು ಬರೆಯಬಹುದಿತ್ತು. ಕೆಂಪು ಧೂಳು. ಜೋಳದ ಹಿಟ್ಟಿನ ಡಬ್ಬಿಯೊಳಗೆ, ದೇವರ ಜಗಲಿಯ ಮೇಲಿನ ವಿಭೂತಿ ಗಟ್ಟಿಯ ಮೇಲೆ, ಅಜ್ಜಿಯ ಕಿವಿಯ ಸುಕ್ಕಿನಲ್ಲಿ, ಹೆಪ್ಪು ಹಾಕಿದ ಮೊಸರಿನ ಕೆನೆಯ ಮೇಲೆ. ಬೇರೆ ಊರಿನ ಧೂಳು ಬರೀ ಧೂಳು. ನಮ್ಮದರಲ್ಲಿ ಕಬ್ಬಿಣ ಇತ್ತು. ಅದು ಸ್ವಿಚ್ ಬೋರ್ಡಿನೊಳಗೆ ಸೇರಿ, ತೇವ ಹೀರಿ, ಕರೆಂಟನ್ನು ಹೋಗಬಾರದ ಕಡೆಗೆ ಕರೆದೊಯ್ಯುತ್ತದೆ ಎಂದು ಅಪ್ಪ ಹೇಳುತ್ತಿದ್ದ. ಅದಕ್ಕೇ ಫ್ರಿಜ್ಜಿನ ಹಿಡಿಕೆ ಆಗಾಗ ಜುಮ್ ಅನ್ನುತ್ತಿತ್ತು, ಟಿವಿಯ ಬೆನ್ನಲ್ಲಿ ಚಿಟಿಚಿಟಿ ಸದ್ದಾಗುತ್ತಿತ್ತು. ಆ ಸದ್ದು ಕೇಳಿದರೆ ನಾನು ಎದ್ದು ಹೊಸ್ತಿಲ ಆಚೆ ಹೋಗಿ ನಿಲ್ಲುತ್ತಿದ್ದೆ. ಎಷ್ಟೋ ಸಿನಿಮಾಗಳನ್ನು ನಾನು ನೋಡಿದ್ದು ಹೊಸ್ತಿಲಿನಿಂದಲೇ.

ಅಪ್ಪ ಸಂಡೂರಿನ ಬೆಟ್ಟದ ಒಂದು ಗಣಿಯಲ್ಲಿ ಎಲೆಕ್ಟ್ರಿಶಿಯನ್. ಗಟ್ಟಿ ಆಳು. ಬಚ್ಚಲಿಗೆ ಹಾವು ಬಂದರೆ ಕೋಲಲ್ಲಿ ಎತ್ತಿ ಬಯಲಿಗೆ ಒಗೆದು ಬಂದು ಅದೇ ಕೈ ತೊಳೆದು ಊಟಕ್ಕೆ ಕೂರುವವ. ಆದರೆ ಗೋಡೆಯ ಪ್ಲಗ್ಗು ಸಡಿಲವಾಗಿ ಅಲ್ಲಾಡಿದರೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ. ರಜೆಯ ದಿನ ಪಡಸಾಲೆಯಲ್ಲಿ ಹಳೇ ಪೇಪರು ಹಾಸಿ, ಏನಾದರೊಂದನ್ನು ಬಿಚ್ಚಿಕೊಂಡು ಕೂರುತ್ತಿದ್ದ. ನಾನು ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿ ಸಾಲಾಗಿ ಇಡಬೇಕು. ಒಂದು ಆಚೀಚೆ ಆದರೆ ಬೈಗುಳ. ರಿಪೇರಿಯ ಪಾಠ ಮಾತ್ರ ದಿನವೂ ಒಂದೇ.

"ಹೊರಗಿಂದ ಒಳಗ ಬಾ, ಗಿರಿಜಾ. ಮೊದ್ಲು ಲೈನ್ ಐತೇನು ನೋಡು. ಆಮ್ಯಾಲೆ ಮೇನು, ಫ್ಯೂಸು. ಆಮ್ಯಾಲೆ ಪ್ಲಗ್ಗು, ವೈರು. ಮಿಷನ್ನಿನ ಹೊಟ್ಟಿಗೆ ಕೈ ಹಾಕೋದು ಎಲ್ಲಾದಕ್ಕಿಂತ ಕಡೀಗೆ. ಮುಕ್ಕಾಲು ರೋಗ ಹೊರಗ ಇರ್ತಾವು."

ನಿಜಕ್ಕೂ ಹಾಗೇ ಇರುತ್ತಿತ್ತು. ಅವ್ವ ಶೇಂಗಾ ಚಟ್ನಿಗೆ ಒಂದೇ ಸಲಕ್ಕೆ ಜಾರು ತುಂಬಿಸಿ ಮಿಕ್ಸಿ ನಿಂತುಹೋದರೆ, ಅಜ್ಜಿಗೆ ಹಬ್ಬ. "ಸತ್ತೋತು ನೋಡು! ಹಿತ್ತಲಾಗ ಒಳ್ಳು ಕುಂತೈತಿ, ಅದು ಒಂದಿನಾನೂ ಸತ್ತಿಲ್ಲ" ಎಂದು ಸೊಸೆಗೆ ಕೇಳುವ ಹಾಗೆ ಗೋಡೆಗೆ ಹೇಳುತ್ತಿದ್ದಳು. ಅವ್ವ ಸುಮ್ಮನಿರುವ ಪೈಕಿಯಲ್ಲ. "ಅತ್ತಿ, ಒಳ್ಳು ಬೇಕಾದ್ರ ನೀವ ರುಬ್ರಿ, ನಾ ನೋಡ್ತಾ ಕುಂದ್ರತೀನಿ" ಅನ್ನುತ್ತಿದ್ದಳು. ಇಬ್ಬರ ನಡುವೆ ಅಪ್ಪ ಮಿಕ್ಸಿಯನ್ನು ಮಗುಚಿ, ತಳದಲ್ಲಿ ಎದ್ದು ನಿಂತ ಕೆಂಪು ಗುಂಡಿಯನ್ನು ಒತ್ತುತ್ತಿದ್ದ. ಭಾರ ಹೆಚ್ಚಾದರೆ ಅದು ತಾನೇ ಎಗರಿ ಕರೆಂಟು ಕಡಿದುಕೊಳ್ಳುತ್ತದೆ, ಒತ್ತಿದರೆ ಮತ್ತೆ ಸರಿ. ಅಜ್ಜಿಗೆ ಭಾಳ ಬೇಜಾರಾಗುತ್ತಿತ್ತು.

ಆದರೆ ಅಪ್ಪ ಗಣಿಯಿಂದ ಮನೆಗೆ ತಂದದ್ದು ಈ ಪಾಠವೊಂದನ್ನೇ ಅಲ್ಲ. ಕೆಂಪು ಬಣ್ಣದ ಒಂದು ತಗಡಿನ ಬಿಲ್ಲೆಯನ್ನೂ ತಂದಿದ್ದ. ಅದರ ಮೇಲೆ ಬಿಳಿ ಅಕ್ಷರದಲ್ಲಿ ಅವನ ಹೆಸರು, ಕೆಳಗೆ 'ಕೆಲಸ ನಡೆದಿದೆ, ಮುಟ್ಟಬೇಡಿ'. ಗಣಿಯಲ್ಲಿ ಮಿಷನ್ನಿಗೆ ಕೈ ಹಾಕುವ ಪ್ರತಿಯೊಬ್ಬನೂ ಮೊದಲು ಮೇನ್ ಇಳಿಸಿ, ಅದರ ಹಿಡಿಕೆಗೆ ತನ್ನ ಬಿಲ್ಲೆ ತೂಗುಹಾಕಬೇಕು. ಹಾಕಿದವನೇ ತೆಗೆಯಬೇಕು. ಬೇರೆ ಯಾರೂ, ಎಷ್ಟು ದೊಡ್ಡ ಸಾಹೇಬನಾದರೂ, ಮುಟ್ಟುವ ಹಾಗಿಲ್ಲ. ನಮ್ಮ ಪಡಸಾಲೆಯ ಬಾಗಿಲ ಹಿಂದೆ, ಎತ್ತರದಲ್ಲಿ ಮೇನ್ ಸ್ವಿಚ್ಚು ಇತ್ತು. ಅಪ್ಪ ಬಲ್ಬು ಬದಲಿಸುವುದಿದ್ದರೂ ಅಲ್ಲಿ ಬಿಲ್ಲೆ ತೂಗುತ್ತಿತ್ತು. ಅದು ತೂಗುವಷ್ಟು ಹೊತ್ತು ಮನೆಯಲ್ಲಿ ಎಲ್ಲರ ದನಿ ತಗ್ಗುತ್ತಿತ್ತು. ಯಾಕೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಕೆಲಸ ಮುಗಿದ ಮೇಲೆ ಇನ್ನೊಂದು ವಿಧಿ. ಮೇನ್ ಏರಿಸುವ ಮುಂಚೆ ಅಪ್ಪ ಗಟ್ಟಿಯಾಗಿ "ಲೈನ್ ಬರ್ತೈತಿ!" ಎಂದು ಕೂಗುತ್ತಿದ್ದ. ಮನೆಯಲ್ಲಿ ಇದ್ದವರೆಲ್ಲ, ಇದ್ದ ಇದ್ದಲ್ಲಿಂದ, ಒಬ್ಬೊಬ್ಬರಾಗಿ "ಬರ್ಲಿ!" ಅನ್ನಬೇಕು. ಅಂದರೆ, ನನ್ನ ಕೈ ಯಾವುದರ ಮೇಲೂ ಇಲ್ಲ, ಹಾಕು ಎಂದು. ಒಬ್ಬರು ಓಗೊಡದಿದ್ದರೂ ಮೇನ್ ಏರುವ ಹಾಗಿಲ್ಲ. ಅಜ್ಜಿ ಬಚ್ಚಲಿನಿಂದ ಮೈಮೇಲೆ ನೀರು ಸುರಿದುಕೊಳ್ಳುತ್ತ "ಬರ್ಲಿ ಬಿಡಪಾ, ಬರ್ಲಿ" ಅನ್ನುತ್ತಿದ್ದಳು. ಒಮ್ಮೆ ಕಂಪ್ಲಿಯಿಂದ ಬಂದ ಸೋದರಮಾವ ಇದನ್ನೆಲ್ಲ ಕೇಳಿ, "ಇದೇನು ಮನಿನೋ, ಮಠಾನೋ?" ಎಂದು ನಕ್ಕಿದ್ದ. ಅಪ್ಪ ನಗಲಿಲ್ಲ. ಆ ದಿನ ನಾನು ಕೇಳಿದೆ, ಇದನ್ನೆಲ್ಲ ಯಾಕೆ ಮಾಡಬೇಕು ಎಂದು. ಅಪ್ಪ ತಟ್ಟೆಯಲ್ಲಿದ್ದ ಸ್ಕ್ರೂಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದ.

"ಗಣಿಯಾಗ ಒಮ್ಮೆ ಒಬ್ಬಾವ ಓಗೊಟ್ಟಿದ್ದಿಲ್ಲ" ಅಂದ.

ಅಷ್ಟೇ. ಮುಂದೆ ಎಷ್ಟು ಕಾಡಿದರೂ ಹೇಳಲಿಲ್ಲ. ಹೇಳಿದ್ದರೆ ವಾಸಿಯಿತ್ತು, ಹೇಳದೆ ಬಿಟ್ಟದ್ದರಿಂದ ನನ್ನ ತಲೆ ತಾನೇ ಏನೇನೋ ಕಟ್ಟಿಕೊಂಡಿತು. ಆ ಓಗೊಡದವನು ಯಾರು, ಅವನ ಕೈ ಎಲ್ಲಿತ್ತು, ಮೇನ್ ಏರಿಸಿದವನು ಯಾರು. ಮಲಗಿದರೆ ಇದೇ. ಗೋಡೆಯೊಳಗೆ ವೈರುಗಳು ನನ್ನ ತಲೆದಿಂಬಿನ ಹಿಂದೆಯೇ ಹಾದುಹೋಗುತ್ತವೆ ಎಂಬುದು ನನಗೆ ಗೊತ್ತಿತ್ತು. ಅದಕ್ಕೇ ಗೋಡೆಯಿಂದ ಒಂದು ಗೇಣು ದೂರ ಮಲಗುತ್ತಿದ್ದೆ. ಪುಕ್ಕಲಿ ಎಂದು ಅವ್ವ ಬೈಯುತ್ತಿದ್ದಳು.

ಅವ್ವನಿಗೆ ದಮ್ಮು. ಮದುವೆಯಾಗಿ ಈ ರಸ್ತೆಗೆ ಬಂದ ಮೇಲೆ ಹತ್ತಿದ್ದು ಎಂದು ಅವಳೂ, ತವರಿನಿಂದಲೇ ತಂದದ್ದು ಎಂದು ಅಜ್ಜಿಯೂ ವಾದಿಸುತ್ತಿದ್ದರು. ಗಾಳಿ ಎದ್ದ ದಿನ ಅವಳ ಎದೆಯೊಳಗೆ ಬೆಕ್ಕಿನ ಮರಿ ಕೂಗಿದ ಹಾಗೆ ಸದ್ದು ಬರುತ್ತಿತ್ತು. ಬಾಯಿಗೆ ಹೊಡೆದುಕೊಳ್ಳುವ ಪಂಪು ಸೆರಗಿನ ಗಂಟಿನಲ್ಲೇ ಇರುತ್ತಿತ್ತು. ಅದಕ್ಕೂ ಬಗ್ಗದಿದ್ದರೆ ಹೊಸಪೇಟೆಯ ಡಾಕ್ಟರು ಬರೆದುಕೊಟ್ಟ ಮಿಷನ್ನು. ಬಿಳೀ ಪೆಟ್ಟಿಗೆ, ಒಂದು ಕೊಳವೆ, ಮೂಗು ಬಾಯಿ ಮುಚ್ಚುವ ಮುಖವಾಡ. ಔಷಧ ಹಾಕಿ ಸ್ವಿಚ್ ಹಾಕಿದರೆ ಗುರ್ರೆಂದು ಔಷಧವನ್ನು ಮಂಜು ಮಾಡಿ ಕಳಿಸುತ್ತಿತ್ತು. ನಾವು ಅದನ್ನು ದಮ್ಮಿನ ಮಿಷನ್ ಅನ್ನುತ್ತಿದ್ದೆವು. ಮನೆಯ ಎಲ್ಲ ಮಿಷನ್‌ಗಳಿಗೂ ನಾನು ಹೆದರುತ್ತಿದ್ದೆ, ಇದೊಂದಕ್ಕೆ ಬಿಟ್ಟು. ಅದು ಗುರ್ರೆನ್ನುವುದು ನಿಂತರೆ ಮಾತ್ರ ಹೆದರಿಕೆ.

ಅವತ್ತು ಶುಕ್ರವಾರ, ಅಪ್ಪನಿಗೆ ರಜೆ. ಬೆಳಗ್ಗೆ ಅಜ್ಜಿ ಮೊಸರಿಗೆಂದು ಒಳಕೋಣೆಯ ಫ್ರಿಜ್ಜಿನ ಬಾಗಿಲು ಹಿಡಿದವಳು "ಅಯ್ಯಯ್ಯಪ್ಪಾ!" ಎಂದು ಪಾತ್ರೆ ಸಮೇತ ಹಿಂದಕ್ಕೆ ಕೂತುಬಿಟ್ಟಳು. ಅವಳು ಬೆರಳ ಬೆನ್ನಿನ ಮಾತು ಕೇಳುವವಳಲ್ಲ. ಅಪ್ಪ ಓಡಿಬಂದು ಮೇನ್ ಇಳಿಸಿದ, ಬಿಲ್ಲೆ ಹಾಕಿದ, ಫ್ರಿಜ್ಜನ್ನು ಗೋಡೆಯಿಂದ ಮುಂದಕ್ಕೆ ಎಳೆದ. ಅದರ ಹಿಂದಿನ ಪ್ಲಗ್ಗಿನ ಬೋರ್ಡು ಬಿಚ್ಚಿದಾಗ ಟಾರ್ಚು ಹಿಡಿದವಳು ನಾನೇ. ಒಳಗೆ ಮುಷ್ಟಿ ಕೆಂಪು ಧೂಳು, ಪ್ಲಗ್ಗು ಕೂರುವ ಸಾಕೆಟ್ಟು ಸುಟ್ಟು ಕರಕಲು. ಅಪ್ಪ ಅದನ್ನು ಕಳಚಿ ಪೇಪರಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ಗೋಡೆಯ ತೂತಿನಿಂದ ವೈರುಗಳ ಬೆತ್ತಲೆ ತುದಿಗಳು ಹೊರಗೆ ನಿಂತವು. ಅವಕ್ಕೆ ಸುತ್ತಲು ಟೇಪು ಹುಡುಕಿದ, ಮುಗಿದಿತ್ತು. ಚೀಟಿಯಲ್ಲಿ ಬರೆದುಕೊಂಡ: ಸಾಕೆಟ್ಟು, ಟೇಪು. ಅವ್ವ "ನನ್ನ ಪಂಪೂ ಮುಗಿಯಾಕ ಬಂದೈತಿ" ಅಂದಳು. ಅದನ್ನೂ ಬರೆದುಕೊಂಡ.

"ಬಿಲ್ಲಿ ಐತಿ, ಯಾರೂ ಮುಟ್ಟಬ್ಯಾಡ್ರಿ. ಊಟದ ಹೊತ್ತಿಗೆ ಬರ್ತೀನಿ" ಎಂದು ಹೊಸಪೇಟೆಯ ಬಸ್ಸು ಹತ್ತಿದ.

ಊಟದ ಹೊತ್ತಾಯಿತು, ಅಪ್ಪ ಬರಲಿಲ್ಲ. ರಸ್ತೆಯಲ್ಲಿ ಎಲ್ಲೋ ಮುಂದೆ ಲಾರಿ ಅಡ್ಡ ಬಿದ್ದಿತ್ತಂತೆ. ನಮ್ಮ ಬಾಗಿಲಿನ ಮುಂದೆ ಅದಿರಿನ ಲಾರಿಗಳು ಒಂದರ ಹಿಂದೆ ಒಂದು ನಿಂತು, ಇಂಜಿನ್ ಆರಿಸದೆ, ಹೊಗೆ ಬಿಡುತ್ತಿದ್ದವು. ಅದರ ಮೇಲೆ ಮಧ್ಯಾಹ್ನದ ಗಾಳಿ ಎದ್ದು ಲಾರಿಗಳ ಮೇಲಿನ ಪುಡಿಯನ್ನೆಲ್ಲ ಮನೆಯೊಳಗೆ ಸುರಿಯಿತು. ಅವ್ವ ರೊಟ್ಟಿ ಬಡಿಯುತ್ತಿದ್ದವಳು ಅರ್ಧಕ್ಕೇ ಎದ್ದು ಬಂದಳು. ಎದೆಯೊಳಗಿನ ಬೆಕ್ಕಿನ ಮರಿ ಕೂಗತೊಡಗಿತ್ತು. ಒಳಕೋಣೆಯಲ್ಲಿ ಅಜ್ಜಿಯ ಕಬ್ಬಿಣದ ಮಂಚ ಇತ್ತು. ಅದರ ಮೇಲೆ ಅವ್ವನನ್ನು ಕೂರಿಸಿದೆವು. ಗಾಳಿ ಆಡಲಿ ಎಂದು ನಾನೂ ಅಜ್ಜಿಯೂ ಮಂಚವನ್ನು ಕಿಟಕಿಯ ಕಡೆಗೆ, ಫ್ರಿಜ್ಜಿನ ಹಿಂದಿನ ಗೋಡೆಯ ತನಕ ಎಳೆದೆವು. ಕಿಟಕಿ ತೆಗೆದರೆ ಧೂಳು, ಮುಚ್ಚಿದರೆ ಉಸಿರಿಲ್ಲ. ಅವ್ವ ಪಂಪು ಅಲ್ಲಾಡಿಸಿ ಒತ್ತಿದಳು. ಚಿಸ್ ಎಂದು ಒಂದು ಸಲ ಬಂತು, ಆಮೇಲೆ ಅದೂ ಇಲ್ಲ.

ನಾನು ಖಾಜಾ ಮಾಮನ ಅಂಗಡಿಗೆ ಓಡಿದೆ. ಶಟರು ಇಳಿದಿತ್ತು, ಶುಕ್ರವಾರದ ನಮಾಜಿಗೆ ಹೋಗಿದ್ದ. ರಸ್ತೆಗೆ ಓಡಿ ಒಂದು ಲಾರಿಯ ಬಾಗಿಲು ಬಡಿದೆ. ಡ್ರೈವರ್ ತಲೆ ಹೊರಗೆ ಹಾಕಿದ.

"ಅಣ್ಣಾ, ನಮ್ಮವ್ವಗ ದಮ್ಮು ಹತ್ತೈತಿ, ದವಾಖಾನಿಗೆ ಒಯ್ಯಬೇಕು!"

"ಎಲ್ಲಿಗೆ ಒಯ್ಲವ್ವಾ? ಎರಡು ತಾಸಾತು, ಗಾಲಿ ಉಳ್ಳಿಲ್ಲ. ಹಿಂದ ನೋಡು, ಮುಂದ ನೋಡು."

ನೋಡಿದೆ. ಎರಡೂ ಕಡೆ ಲಾರಿಗಳೇ. ಊರೊಳಗೆ ಓಡಿಹೋಗಿ ಯಾರನ್ನಾದರೂ ಕರೆತರಬಹುದಿತ್ತು, ಆದರೆ ಹೋಗಿ ಬರುವಷ್ಟರಲ್ಲಿ ಏನಾಗುತ್ತದೋ ಎಂಬ ಭಯಕ್ಕೆ ಕಾಲು ಮನೆಯ ಕಡೆಗೇ ತಿರುಗಿತು. ಒಳಗೆ ಬಂದಾಗ ಅವ್ವನ ತುಟಿಯ ಬಣ್ಣ ಬದಲಾಗಿತ್ತು. ಒಂದೊಂದು ಉಸಿರಿಗೂ ಕುತ್ತಿಗೆಯ ಕೆಳಗಿನ ಗುಂಡಿ ಒಳಕ್ಕೆ ಸೇದುತ್ತಿತ್ತು. ಮಾತಾಡಲು ಬಾಯಿ ತೆರೆದರೆ ಗಾಳಿಗೇ ಸಾಲದು. ಅಜ್ಜಿ ಬರಿಗಾಲಲ್ಲಿ ಮಂಚದ ಪಕ್ಕ ನಿಂತು ಬೆನ್ನು ತಿಕ್ಕುತ್ತಿದ್ದಳು. ದಮ್ಮಿನ ಮಿಷನ್ನು ಕುರ್ಚಿಯ ಮೇಲೆ ಸುಮ್ಮನೆ ಕೂತಿತ್ತು. ಮೇನ್ ಮೇಲೆ ಅಪ್ಪನ ಬಿಲ್ಲೆ ತೂಗುತ್ತಿತ್ತು.

"ಅಜ್ಜೀ, ಬಿಲ್ಲಿ ತೆಗೀಲಾ?"

"ಬ್ಯಾಡ! ನಿಮ್ಮಪ್ಪ ಹಾಕ್ಯಾನ, ಅವ್ನ ತೆಗೀಬೇಕು. ಇನ್ನೇನು ಬಂದಬಿಡ್ತಾನ."

ಬರಲಿಲ್ಲ. ಅವ್ವನ ತಲೆ ಮುಂದಕ್ಕೆ ಜೋಲಿತು. ಅಜ್ಜಿ ಅವಳ ಕೆನ್ನೆ ತಟ್ಟಿದಳು, "ಶಾಂತವ್ವಾ, ಏ ಶಾಂತವ್ವಾ" ಎಂದಳು. ಅಜ್ಜಿ ಸೊಸೆಯನ್ನು ಹಾಗೆ ಅವ್ವಾ ಸೇರಿಸಿ ಕರೆದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಆಮೇಲೆ ಅಜ್ಜಿ ನನ್ನ ಕಡೆ ತಿರುಗಿದಳು. ಮುಖ ಬೇರೆ ಯಾರದೋ ಆಗಿತ್ತು.

"ತೆಗಿಯೇ. ಏನರ ಮಾಡು, ಜಲ್ದಿ ಮಾಡು."

ನನಗೆ ಆಗ ಹನ್ನೆರಡು. ರಬ್ಬರ್ ಚಪ್ಪಲಿ ಹಾಕಿಕೊಂಡೆ, ಸ್ಟೂಲು ಎಳೆದು ಹತ್ತಿದೆ. ಬಿಲ್ಲೆಯ ದಾರ ಮುಟ್ಟುವಾಗ ಬೆರಳ ಬೆನ್ನಿನಿಂದಲೇ ಮುಟ್ಟಿದೆ, ಹುಚ್ಚಿ, ದಾರದಲ್ಲಿ ಏನಿರುತ್ತದೆ! ಎಲ್ಲಿಡಬೇಕೆಂದು ತಿಳಿಯದೆ ಕೊರಳಿಗೆ ಹಾಕಿಕೊಂಡೆ. ತಗಡು ಎದೆಗೆ ತಣ್ಣಗೆ ತಾಗಿತು. ಅಪ್ಪನ ದನಿಯಷ್ಟು ದೊಡ್ಡ ದನಿ ನನ್ನದಲ್ಲ, ಆದರೂ ಕೂಗಿದೆ.

"ಲೈನ್ ಬರ್ತೈತಿ!"

"ಬರ್ಲಿ, ಬರ್ಲಿ!" ಅಂದಳು ಅಜ್ಜಿ.

ಅವ್ವ ಓಗೊಡಲಿಲ್ಲ. ಹೇಗೆ ಕೊಟ್ಟಾಳು? ಸ್ಟೂಲಿನ ಮೇಲಿನಿಂದ ಒಳಕೋಣೆಯ ಬಾಗಿಲು ಕಾಣುತ್ತಿತ್ತು, ಆದರೆ ಮುಂದಕ್ಕೆ ಎಳೆದ ಫ್ರಿಜ್ಜು ಅಡ್ಡ ನಿಂತಿತ್ತು. ಫ್ರಿಜ್ಜಿನ ಅಂಚಿನ ಆಚೆ ಅವ್ವನ ಬಲಗೈ ಮಾತ್ರ ಕಂಡಿತು. ಇನ್ನೊಮ್ಮೆ ಕೂಗಿದೆ. ಆ ಕೈ ಎದ್ದಿತು, ಗಾಳಿಯಲ್ಲಿ ಅಲ್ಲಾಡಿತು, ಬೆರಳು ಚಾಚಿತು. ನಾನು ಅದನ್ನು ಬರ್ಲಿ ಎಂದುಕೊಂಡೆ. ಹಾಗಂದುಕೊಳ್ಳುವುದು ನನಗೆ ಬೇಕಿತ್ತು. ಕಣ್ಣು ಮುಚ್ಚಿ, ಹಿಡಿಕೆಯನ್ನು ಎರಡೂ ಕೈಯಿಂದ ಮೇಲೆತ್ತಿದೆ.

ಬಲ್ಬು ಹತ್ತಿತು. ಫ್ಯಾನು ತಿರುಗಿತು. ಮಿಷನ್ನು ಮಾತ್ರ ಸುಮ್ಮನೆ. ಹೊರಗಿಂದ ಒಳಗೆ ಬಾ, ಹೊರಗಿಂದ ಒಳಗೆ ಬಾ ಎಂದು ಬಾಯಲ್ಲಿ ಹೇಳಿಕೊಂಡೇ ಇಳಿದೆ. ಲೈನ್ ಇದೆ, ಬಲ್ಬು ಹತ್ತಿದೆ. ಮೇನು, ಫ್ಯೂಸು ಸರಿ. ಪ್ಲಗ್ಗು? ಮಿಷನ್ನಿನ ವೈರು ಟಿವಿಯ ಎಕ್ಸ್‌ಟೆನ್ಶನ್ ಡಬ್ಬಿಗೆ ಸಿಕ್ಕಿಸಿತ್ತು, ಡಬ್ಬಿಯ ಸ್ವಿಚ್ಚೇ ಹಾಕಿರಲಿಲ್ಲ. ಹಾಕಿದೆ. ಗುರ್ರೆಂದಿತು. ಔಷಧ ಸುರಿದು ಮುಖವಾಡ ಅವ್ವನ ಮುಖಕ್ಕೆ ಒತ್ತಿದೆ. ಮಂಜು ಬರಲಿಲ್ಲ. ಗುರ್ರೆನ್ನುತ್ತದೆ, ಮಂಜು ಇಲ್ಲ. ಕೊಳವೆ ಕಿತ್ತು ನೋಡಿದೆ, ಮಡಚಿಲ್ಲ, ಸರಿಯಾಗಿದೆ. ಕೊಳವೆಯ ಬಾಯಿಗೆ ಕೆನ್ನೆ ಹಿಡಿದೆ, ಗಾಳಿ ಸೊನ್ನೆ. ಹಾಗಾದರೆ ರೋಗ ಹೊಟ್ಟೆಯಲ್ಲೇ. ಪೆಟ್ಟಿಗೆಯ ಪಕ್ಕದಲ್ಲಿ ಗಾಳಿ ಒಳಗೆ ಹೋಗುವ ಕಡೆ ಒಂದು ಸಣ್ಣ ಮುಚ್ಚಳ ಇತ್ತು. ಉಗುರಿನಿಂದ ಎಬ್ಬಿಸಿದೆ. ಒಳಗಿದ್ದ ಬಿಳೀ ಸ್ಪಂಜಿನ ತುಂಡು ಕೆಂಪು ಕೆಸರಿನ ಗಟ್ಟಿಯಾಗಿತ್ತು. ಅವ್ವನ ಎದೆಗೆ ಹೋಗುವ ಧೂಳೇ ಮಿಷನ್ನಿನ ಎದೆಗೂ ಹೋಗಿತ್ತು. ಕಿತ್ತೆಸೆದೆ. ಮಿಷನ್ನಿನ ಸದ್ದು ಬದಲಾಯಿತು, ಕೊಳವೆಯಲ್ಲಿ ಗಾಳಿ ನುಗ್ಗಿತು, ಮುಖವಾಡದಿಂದ ಮಂಜು ಹೊರಬಂತು. ನಾನು ಜೋರಾಗಿ ಅತ್ತುಬಿಟ್ಟೆ.

ಅವ್ವ ಉಸಿರೆಳೆದಳು. ಆದರೆ ಒರಗಲಿಲ್ಲ. ಮಂಚದ ನಡುವೆ, ಎರಡೂ ಕೈ ಮಡಿಲಲ್ಲಿಟ್ಟು, ಕಾಲು ಮೇಲೆ ಮಡಚಿ, ಸೆಟೆದು ಕೂತಿದ್ದಳು. ಅಜ್ಜಿ ಆಸರೆಗೆಂದು ಮಂಚದ ತಲೆಗಡೆಯ ಕಂಬಿ ಹಿಡಿದರೆ ಅವಳ ಕೈಯನ್ನು ಕಿತ್ತು ದೂಡುತ್ತಿದ್ದಳು. ಅಜ್ಜಿ ಮತ್ತೆ ಹಿಡಿದಳು, ಅವ್ವ ಮತ್ತೆ ದೂಡಿದಳು. "ಸಾಯೋ ಹೊತ್ತಿನ್ಯಾಗೂ ನನ್ನ ಮ್ಯಾಲೆ ಸಿಟ್ಟು ನೋಡು ಇಕಿಗೆ" ಎಂದು ಅಜ್ಜಿ ಕಣ್ಣೊರೆಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ನಾನು ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಮಂಜನ್ನೇ ನೋಡುತ್ತಿದ್ದೆ. ಔಷಧ ಮುಗಿಯುವಷ್ಟರಲ್ಲಿ ತುಟಿಯ ಬಣ್ಣ ತಿರುಗಿತು. ಅವ್ವ ಮುಖವಾಡ ಸರಿಸಿದಳು. ಮೊದಲ ಮಾತು ಏನಿರುತ್ತದೆಂದು ನಾನು ಎಣಿಸಿದ್ದೆನೋ, ಅದಲ್ಲ.

"ಮೇನ್... ಇಳಸು. ಯಾರೂ ಮಂಚ ಮುಟ್ಟಬ್ಯಾಡ್ರಿ."

ಓಡಿ ಇಳಿಸಿ ಬಂದೆ. ಅವ್ವ ಆಗ ಮತ್ತೆ ಬಲಗೈ ಎತ್ತಿದಳು. ಸ್ಟೂಲಿನ ಮೇಲಿನಿಂದ ನಾನು ಕಂಡ ಅದೇ ಕೈ, ಅದೇ ಚಾಚಿದ ಬೆರಳು. ಈ ಸಲ ಬೆರಳು ಎಲ್ಲಿಗೆ ತೋರಿಸುತ್ತಿದೆಯೆಂದು ನೋಡಿದೆ. ಫ್ರಿಜ್ಜಿನ ಹಿಂದೆ, ಗೋಡೆಯ ತೂತಿನಿಂದ ಚಾಚಿಕೊಂಡ ಎರಡು ಬೆತ್ತಲೆ ತಾಮ್ರದ ತುದಿಗಳು. ಅವುಗಳ ಎದುರಿಗೆ, ನಾವೇ ಎಳೆದುಕೊಂಡು ಹೋಗಿ ನಿಲ್ಲಿಸಿದ ಮಂಚದ ಕಬ್ಬಿಣದ ಕಂಬಿ. ನಡುವೆ ನನ್ನ ಕಿರುಬೆರಳು ಹಿಡಿಸುತ್ತಿತ್ತೋ ಇಲ್ಲವೋ. ಅವ್ವ ಒಂದು ಸಲ ಹಿಂದಕ್ಕೆ ಒರಗಿದ್ದರೆ, ಅಜ್ಜಿ ಕಂಬಿ ಹಿಡಿದು ಸ್ವಲ್ಪ ಜಗ್ಗಿದ್ದರೆ, ಕಲ್ಲಿನ ನೆಲದ ಮೇಲೆ ಬರಿಗಾಲಲ್ಲಿ ನಿಂತ ಅಜ್ಜಿ ಅಲ್ಲೇ ಹೋಗುತ್ತಿದ್ದಳು. ಟಾರ್ಚು ಹಿಡಿದವಳು ನಾನು. ಆ ತುದಿಗಳು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನೆನಪಾಗಲಿಲ್ಲ. ಅವ್ವ ಉಸಿರಿಲ್ಲದೆಯೂ ಬ್ಯಾಡ ಅಂದಿದ್ದಳು. ನಾನು ಅದನ್ನು ಬರ್ಲಿ ಎಂದು ಓದಿಕೊಂಡಿದ್ದೆ.

ಅಪ್ಪ ದೀಪ ಹಚ್ಚುವ ಹೊತ್ತಿಗೆ ಬಂದ. ನಿಂತ ಬಸ್ಸಿನಿಂದ ಇಳಿದು ಲಾರಿಗಳ ಸಂದಿಯಲ್ಲೇ ನಡೆದ ಕಾಲು ಮೊಣಕಾಲ ತನಕ ಕೆಂಪಾಗಿತ್ತು. ಒಳಗೆ ಬಂದವನ ಕಣ್ಣು ಮೊದಲು ಮೇನಿಗೆ ಹೋಯಿತು, ಆಮೇಲೆ ನನ್ನ ಕೊರಳಿಗೆ. ಹೊಡೆಯುತ್ತಾನೆ ಎಂದು ನಾನು ಮುಖ ಮುಚ್ಚಿಕೊಂಡೆ. ಅಜ್ಜಿ ನಡೆದದ್ದನ್ನೆಲ್ಲ ಹೇಳಿದಳು. ಅಪ್ಪ ಕೇಳಿದ್ದು ಒಂದೇ.

"ಯಾರ್ಯಾರು ಓಗೊಟ್ರು?"

"ಅಜ್ಜಿ ಬರ್ಲಿ ಅಂದ್ಳು."

"ನಿಮ್ಮವ್ವ?"

"ಕೈ ಎತ್ತಿದ್ಳು."

ಅಪ್ಪ ಒಳಕೋಣೆಗೆ ಹೋದ. ಮಂಚ ಹಾಗೇ ಇತ್ತು, ಯಾರಿಗೂ ಅದನ್ನು ಸರಿಸುವ ಧೈರ್ಯವಾಗಿರಲಿಲ್ಲ. ಅಪ್ಪ ಬಗ್ಗಿ ಕಂಬಿಗೂ ತಾಮ್ರಕ್ಕೂ ನಡುವೆ ತನ್ನ ಬೆರಳು ಇಡಲು ನೋಡಿದ. ಹಿಡಿಸಲಿಲ್ಲ. ಹೊಸ್ತಿಲ ಮೇಲೆ ಕೂತ. ಅವ್ವನ ಕಡೆ ನೋಡದೆ, "ಟೇಪ್ ಇಲ್ಲಾಂದ್ರ ಒಂದು ಬಟ್ಟಿನಾದ್ರೂ ಸುತ್ತಬೇಕಿತ್ತು. ಬಿಲ್ಲಿ ಐತಲ್ಲ ಅಂತ ಬಿಟ್ಟೆ" ಅಂದ. ಅವ್ವ "ಆತು ಬಿಡ್ರಿ, ಯಾರಿಗೇನಾತು ಈಗ" ಅಂದಳು. ಹೊಸ ಸಾಕೆಟ್ಟು ಕೂರಿಸಲು ಹೋದರೆ ಅಪ್ಪನ ಕೈಯಲ್ಲಿ ಸ್ಕ್ರೂ ನಿಲ್ಲಲಿಲ್ಲ, ಎರಡು ಸಲ ಬಿದ್ದು ಮಂಚದ ಕೆಳಗೆ ಉರುಳಿತು. ಅಷ್ಟು ವರ್ಷ ಕಂಬ ಹತ್ತಿದ ಕೈ. ಕಡೆಗೆ ಸ್ಕ್ರೂಡ್ರೈವರ್ ನನ್ನ ಕೈಗೆ ಕೊಟ್ಟು ತಾನು ಟಾರ್ಚು ಹಿಡಿದ. ಆ ಸಾಕೆಟ್ಟು ಕೂರಿಸಿದವಳು ನಾನು. ಮುಗಿದ ಮೇಲೆ ಅಪ್ಪ "ಲೈನ್ ಬರ್ತೈತಿ" ಎಂದು ಕೂಗಲಿಲ್ಲ. ಅಡುಗೆಮನೆಗೆ, ಬಚ್ಚಲಿಗೆ, ಒಳಕೋಣೆಗೆ ತಾನೇ ಹೋಗಿ, ಒಬ್ಬೊಬ್ಬರ ಕೈಯನ್ನೂ ಕಣ್ಣಿಂದ ನೋಡಿ ಬಂದು ಮೇನ್ ಏರಿಸಿದ. ಅಂದಿನಿಂದ ನಮ್ಮ ಮನೆಯ ವಿಧಿಗೆ ಅದೂ ಸೇರಿತು. ಕೂಗಬೇಕು, ಓಗೊಡಬೇಕು, ಆಮೇಲೆ ಹೋಗಿ ನೋಡಬೇಕು.

ನನ್ನ ಭಯ ಅಂದಿಗೆ ಮುಗಿಯಲಿಲ್ಲ. ಸುಳ್ಳು ಯಾಕೆ ಹೇಳಲಿ, ಇನ್ನೂ ಮುಗಿದಿಲ್ಲ. ನಾನು ಮೇಷ್ಟ್ರಗಿತ್ತಿಯಾದೆ. ತಿಳಿಯಿತಾ ಎಂದು ಕೇಳಿದಾಗ ಇಡೀ ಕ್ಲಾಸು ಹೂಂ ಅಂದರೂ, ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತ ಒಂದು ಮಗುವಿನ ಹತ್ತಿರ ಹೋಗಿ ಅದರ ನೋಟ್‌ಬುಕ್ ನೋಡದಿದ್ದರೆ ನನಗೆ ಪಾಠ ಮುಂದಕ್ಕೆ ಹೋಗುವುದಿಲ್ಲ. ಜೊತೆಯವರು ಇದನ್ನು ಶ್ರದ್ಧೆ ಅನ್ನುತ್ತಾರೆ. ಶ್ರದ್ಧೆಯೂ ಅಲ್ಲ, ಮಣ್ಣೂ ಅಲ್ಲ. ಹೆದರಿಕೆ.

ಈಗ ನಾವು ಹೊಸಪೇಟೆಯಲ್ಲಿದ್ದೇವೆ. ಅಪ್ಪನೂ ಇಲ್ಲ, ಅಜ್ಜಿಯೂ ಇಲ್ಲ. ಅವ್ವ ನನ್ನ ಜೊತೆ ಇದ್ದಾಳೆ, ಧೂಳು ಕಡಿಮೆಯಾಗಿ ಉಸಿರು ಎಷ್ಟೋ ಹಗುರ. ಈ ಮನೆಯ ಬೋರ್ಡಿನಲ್ಲಿ ತಾನೇ ಬಿದ್ದುಕೊಳ್ಳುವ ಸ್ವಿಚ್ಚುಗಳಿವೆ, ಸ್ವಲ್ಪ ಕರೆಂಟು ಸೋರಿದರೂ ಟಕ್ ಎಂದು ಕಡಿದುಹೋಗುತ್ತದೆ. ಆದರೂ ಅದರ ಪಕ್ಕದ ಮೊಳೆಗೆ ಅಪ್ಪನ ಬಿಲ್ಲೆ ತೂಗುತ್ತದೆ. ಮೊನ್ನೆ ಫ್ರಿಜ್ಜಿನ ಪ್ಲಗ್ಗು ಬಿಸಿಯಾಗುತ್ತಿತ್ತು. ಮೇನ್ ಇಳಿಸಿ, ಬಿಲ್ಲೆ ಹಾಕಿ, ಪ್ಲಗ್ಗು ಬಿಚ್ಚಿ, ಸಡಿಲವಾದ ವೈರು ಬಿಗಿ ಮಾಡಿದೆ. ಆಮೇಲೆ ಕೂಗಿದೆ.

"ಲೈನ್ ಬರ್ತೈತಿ!"

"ಬರ್ಲಿ ಅಮ್ಮಾ" ಎಂದಳು ಮಗಳು, ಮೊಬೈಲಿನಿಂದ ತಲೆ ಎತ್ತದೆ.

ಅವ್ವನ ಕೋಣೆಯಿಂದ ಸದ್ದಿಲ್ಲ. ಇನ್ನೊಮ್ಮೆ ಕೂಗಿದೆ. ಸದ್ದಿಲ್ಲ. ಓಡಿದೆ. ಅವ್ವ ಮಂಚದ ಮೇಲೆ ಎರಡೂ ಕೈ ಮಡಿಲಲ್ಲಿಟ್ಟು ಬಾಗಿಲ ಕಡೆಗೇ ನೋಡುತ್ತಾ ಕೂತಿದ್ದಳು.

"ಕೇಳಿಸಲಿಲ್ಲೇನವ್ವಾ?"

"ಕೇಳಿಸ್ತು."

"ಮತ್ತ ಓಗೊಡಬಾರದಾ? ಜೀವ ಹೋತು ನಂದು."

"ಓಗೊಟ್ರ ನೀ ಅಲ್ಲಿಂದ್ಲೇ ಹಾಕಿಬಿಡ್ತಿ."

ನಾನು ಗೋಡೆ ನೋಡಿದೆ, ಪ್ಲಗ್ಗು ನೋಡಿದೆ, ಮಂಚದ ತಲೆಗಡೆ ನೋಡಿದೆ, ಅವಳ ಕೈ ನೋಡಿದೆ. ನಾನು ನೋಡಿ ಮುಗಿಸುವ ತನಕ ಅವ್ವ ಕಾದಳು.

"ನೋಡಿದ್ಯಾ?"

"ನೋಡಿದೆ."

"ಹಂಗಾರ ಬರ್ಲಿ" ಅಂದಳು.